ಪೂಜಾರಿ ಸರ್ ಹೋದರು... ಮಕ್ಕಳೇ, ಹುಬ್ಬಳ್ಳಿ ಬಸ್ಸು ಹತ್ತಬೇಡಿ

ರಾತ್ರಿ ಒಂದೂ ಮುಕ್ಕಾಲು.
ಮಂಚದ ಪಟ್ಟಿಯ ಮೇಲಿಟ್ಟ ಫೋನು ಗರ್ರ್ ಗರ್ರ್ ಅಂತು...
ಎಚ್ಚರಾದವಳೇ ಮೊದಲು ತೊಟ್ಟಿಲಿಗೆ ಕೈ ಹಾಕಿ ಕೂಸಿನ ಉಸಿರು ನೋಡಿದೆ. ಹೆರಿಗೆಯಾದಾಗಿನಿಂದ ಅದೇ ರೂಢಿ.
ಆಮೇಲೆ ಫೋನು ತೆಗೆದೆ.

ನಾನು ಪಾಠ ಹೇಳುವ ಜಮಖಂಡಿ ಕಾಲೇಜಿನ ಫೈನಲ್ ಇಯರ್ ಹುಡುಗಿ, ಬನಹಟ್ಟಿಯ ಸಾವಿತ್ರಿ.
"ಮೇಡಂ... ಪೂಜಾರಿ ಸರ್ ಹೋಗಿಬಿಟ್ರ್ರಿ."

ಯಾವ ಪೂಜಾರಿ ಸರ್ ಅಂತ ಕೇಳಿದೆ.
ನಮ್ಮಲ್ಲಿ ಇದ್ದವರು ಒಬ್ಬರೇ...

ನಂಬಲಿಕ್ಕೆ ಆಗುತ್ತಿಲ್ಲ.
ಊಟ ಮಾಡಿ ರನ್ನ ಬೆಳಗಲಿಯ ಮನೆಯ ಕಟ್ಟೆಯ ಮೇಲೆ ಕೂತವರು ಎದೆ ಹಿಡಿದುಕೊಂಡರಂತೆ. ಮುಧೋಳದ ಆಸ್ಪತ್ರೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತಂತೆ.
ನಾಳೆ ಮಧ್ಯಾಹ್ನ ಬೆಳಗಲಿಯ ಅವರ ಹೊಲದಲ್ಲೇ ಮಣ್ಣು.

ಸಾವಿತ್ರಿ ಅಳುತ್ತಲೇ ಇನ್ನೊಂದು ಮಾತು ಹೇಳಿದಳು. ಅವಳ ಟೀಮಿಗೆ ಸರ್ ಗೈಡ್. ಬನಹಟ್ಟಿಯ ಮಗ್ಗದವರಿಗೆ ಸೀರೆ ಆರ್ಡರ್ ನೋಡಿಕೊಳ್ಳುವ ಒಂದು ಆ್ಯಪ್ ಮಾಡುತ್ತಿದ್ದಾರೆ.
"ಅರ್ಧಾನೂ ಆಗಿಲ್ರಿ. ಸೋಮವಾರ ಡೆಮೊ ಐತ್ರಿ. ಸರ್ ಇಲ್ಲಂದ ಮ್ಯಾಲ ನಮ್ಮನ್ನ ಯಾರ್ ಕೇಳ್ತಾರ್ರಿ? ಹುಡುಗ್ರು ಮುಂಜಾನಿ ಫಸ್ಟ್ ಬಸ್ಸಿಗೆ ಹುಬ್ಬಳ್ಳಿಗೆ ಹೊಂಟಾರ್ರಿ... ರೊಕ್ಕಾ ಕೊಟ್ಟು ರೆಡಿ ಪ್ರಾಜೆಕ್ಟ್ ತರಾಕ."

ನಾನು ಬಾಯಿ ತೆರೆಯುವುದರೊಳಗೆ ಕಾಲ್ ಕಟ್ ಆಯಿತು.
ಆಗಿನಿಂದ ಸ್ವಿಚ್ಡ್ ಆಫ್.
ಉಳಿದ ಹುಡುಗರ ನಂಬರು ನನ್ನ ಬಳಿ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ...

ಸರ್ ಏನು ಕಲಿಸುತ್ತಿದ್ದರು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಸಾಫ್ಟ್‌ವೇರ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್. ಎಲ್ಲರೂ ಬಾಯಿಪಾಠ ಮಾಡಿ ಬರೆದು ಮರೆಯುವ ಸಬ್ಜೆಕ್ಟು.
ಸರ್ ಮೊದಲ ದಿನವೇ ಪುಸ್ತಕ ಮುಚ್ಚಿಸಿ, ಮನೆಯಿಂದ ಗೋಡೆಯ ಕ್ಯಾಲೆಂಡರ್ ತರಲಿಕ್ಕೆ ಹೇಳುತ್ತಿದ್ದರು.
ಅಮಾವಾಸ್ಯೆ, ಫ್ಯಾಕ್ಟರಿ ಕಬ್ಬು ನುರಿಸಲು ಶುರು ಮಾಡುವ ತಿಂಗಳು, ಅಕ್ಕನ ಮದುವೆ, ಕರೆಂಟಿನ ಪಾಳಿ...
"ನಿಮ್ಮ ಕೈಯಾಗ ಇರಲಾರದ್ದು ಮೊದಲ ಬರೀರಿ. ಉಳಿದ ಜಾಗಾದಾಗ ನಿಮ್ಮ ಶಾಣ್ಯಾತನ ಬರೀರಿ" ಅನ್ನುತ್ತಿದ್ದರು.

ನಾನು ಅವರ ಹತ್ತಿರ ಫೈನಲ್ ಇಯರ್ ಓದುವಾಗ ನಾವೂ ನಕ್ಕಿದ್ದೆವು.
ಕಬ್ಬು ಕಡಿಯುವ ಗ್ಯಾಂಗುಗಳು ಯಾವ ಹೊಲಕ್ಕೆ ಯಾವಾಗ ಹೋಗಬೇಕೆಂದು ತೋರಿಸುವ ಆ್ಯಪ್ ನಮ್ಮದು. ಪುಸ್ತಕದಲ್ಲಿದ್ದ ಹಾಗೆ ಟೆಸ್ಟಿಂಗ್ ಅನ್ನು ಕಟ್ಟಕಡೆಗೆ ಇಟ್ಟಿದ್ದೆವು. ಚಾರ್ಟ್ ಬಹಳ ಚೆಂದ ಬಂದಿತ್ತು.
ಟೆಸ್ಟಿಂಗ್‌ಗೆ ಅಂತ ಸಾವಳಗಿಗೆ ಹೋದರೆ... ಸೀಸನ್ ಮುಗಿದಿತ್ತು. ಹೊಲದಲ್ಲಿ ಬರೀ ಕೂಳೆ. ಗ್ಯಾಂಗಿನವರು ಗುಡಿಸಲು ಕಿತ್ತುಕೊಂಡು ಊರಿಗೆ ಹೋಗಿದ್ದರು.
ಜೊತೆಗೆ ಬಂದಿದ್ದ ಸರ್ ಬದುವಿನ ಮೇಲೆ ಕೂತು, ಅಲ್ಲೇ ಮೇಯುತ್ತಿದ್ದ ಎಮ್ಮೆ ತೋರಿಸಿದರು.
"ತಂಗಿ, ಟೆಸ್ಟಿಂಗ್ ಯಾರ ಮುಂದ ಮಾಡ್ತೀರಿ? ಇದರ ಮುಂದ?"

ನಮ್ಮಲ್ಲೂ ಒಬ್ಬ ಆಗ ಹುಬ್ಬಳ್ಳಿಯ ಮಾತು ತೆಗೆದ. ರೆಡಿ ಸಿಗುತ್ತದೆ, ಹೆಸರು ಬದಲಿಸಿದರೆ ಆಯಿತು ಅಂದ.
ಸರ್ ಸಿಟ್ಟಾಗಲಿಲ್ಲ.
"ಮುಗದಿಲ್ಲ ಅಂತ ನಿಂತು ಹೇಳಾಕ ಧೈರ್ಯ ಬೇಕಲೇ. ಅದನ್ನ ಕಲಸಾಕಂತನ ನನಗ ಪಗಾರ ಕೊಡ್ತಾರ" ಅಂದರು.

ಡೆಮೊ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ ಮುಂದೆ ನಿಂತು ಹೇಳಿದೆ... ಮುಗಿದಿಲ್ಲ, ಇಲ್ಲಿಯತನಕ ಆಗಿದೆ, ಎಲ್ಲಿ ತಪ್ಪಿದ್ದೇವೆ ಅಂದರೆ ಇಲ್ಲಿ.
ಅವರು ಉಳಿದ ಟೀಮುಗಳಿಗಿಂತ ನಮ್ಮನ್ನೇ ಹೆಚ್ಚು ಹೊತ್ತು ಕೇಳಿದರು. ಪಾಸ್ ಮಾಡಿದರು.
ನಾನು ಅದೇ ಕಾಲೇಜಿನಲ್ಲಿ ಪಾಠ ಹೇಳುವವಳಾಗಬೇಕು ಅಂದುಕೊಂಡದ್ದು ಆ ಮಧ್ಯಾಹ್ನವೇ.

ಸರ್...
ನಾನು ಹೆರಿಗೆಗೆ ಬೀಳಗಿಯ ತವರಿಗೆ ಬಂದಾಗ ನನ್ನ ಕ್ಲಾಸುಗಳನ್ನೆಲ್ಲ ನೀವೇ ತೆಗೆದುಕೊಂಡಿರಿ. ಯಾರಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ. ಸಾವಿತ್ರಿಯಿಂದ ಗೊತ್ತಾಯಿತು.
ಕೂಸಿನ ತೂಕ ಏರುತ್ತಿಲ್ಲ ಅಂತ ನಾನು ಹಾಲು ಕುಡಿಸುವುದಕ್ಕೂ ಟೈಮ್‌ಟೇಬಲ್ ಹಾಕಿಕೊಂಡು, ಅಲಾರಂ ಇಟ್ಟುಕೊಂಡು, ಅಳುತ್ತ ನಿಮಗೆ ಫೋನ್ ಮಾಡಿದ್ದೆ.
"ಅದು ನಿನ್ನ ಚಾರ್ಟ್ ನೋಡಿ ಹಸಿಯೂದಿಲ್ಲ ತಂಗಿ. ನೀ ಮೊದಲ ಉಂಡಿಯಿಲ್ಲೋ ಹೇಳು" ಅಂದಿರಿ.
ಉಂಡಿರಲಿಲ್ಲ ಸರ್. ನೀವು ಹೇಳಿದ ಮೇಲೆ ಎದ್ದು ಉಂಡೆ.
ಅವ್ವನೂ ಅದನ್ನೇ ಹೇಳುತ್ತಿದ್ದಳು... ನಿಮ್ಮ ಮಾತು ಕೇಳಿದೆ.
ಈಗ ಕೂಸು ಗುಂಡಗಾಗುತ್ತಿದೆ. ಫೋಟೋ ಕಳಿಸುತ್ತೇನೆ ಅಂದಿದ್ದೆ...

ನಿಮ್ಮ ಋಣ ದೊಡ್ಡದು ಸರ್. ಅಳುವುದಕ್ಕಿಂತ ನೆನೆಯುವುದೇ ಹೆಚ್ಚಾಗಿದೆ ಈ ರಾತ್ರಿ.
ಬೆಳಗಲಿಯ ಮಣ್ಣು ನಿಮಗೆ ತಂಪಾಗಿರಲಿ. ನಿಮ್ಮ ಜೀವ ನಿರಾಳವಾಗಿ, ಶಾಂತಿಯಿಂದ ಇರಲಿ.
ಹೋಗಿ ಬನ್ನಿ ಸರ್... 🙏

ಸಾವಿತ್ರಿ ಮತ್ತು ಟೀಮಿನ ಹುಡುಗರೇ,
ನಿಮ್ಮನ್ನು ಕೇಳುವವರು ಇದ್ದಾರೆ. ನಾನಿದ್ದೇನೆ.
ನಾಳೆಯೇ ಪ್ರಿನ್ಸಿಪಾಲರ ಜೊತೆ ಮಾತಾಡುತ್ತೇನೆ. ಸೋಮವಾರ ಕೂಸನ್ನು ಎತ್ತಿಕೊಂಡೇ ಜಮಖಂಡಿಗೆ ಬರುತ್ತೇನೆ. ಗೈಡ್ ಜಾಗದಲ್ಲಿ ನಾನು ನಿಲ್ಲುತ್ತೇನೆ. ನೀವು ಮಾಡಿದ್ದು ಎಷ್ಟಿದೆಯೋ ಅಷ್ಟೇ ತೋರಿಸೋಣ.
ನಾಳೆ ನೀವು ಹೋಗಬೇಕಾದದ್ದು ಹುಬ್ಬಳ್ಳಿಗಲ್ಲ, ಬೆಳಗಲಿಗೆ.

ಜಮಖಂಡಿ ಹಾಸ್ಟೆಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಹುಡುಗರ ಬಾಗಿಲು ಬಡಿಯಿರಿ. ಬೈದರೆ ಬೈಯಲಿ, ಎಬ್ಬಿಸಿರಿ. ನನ್ನ ನಂಬರು ಕಾಲೇಜಿನ ವೆಬ್‌ಸೈಟಿನಲ್ಲಿದೆ.
ಎಷ್ಟೊತ್ತಿಗಾದರೂ ಸರಿ, ಮಿಸ್ಡ್ ಕಾಲ್ ಕೊಟ್ಟರೂ ಸಾಕು... ನಾನು ಎದ್ದೇ ಇರುತ್ತೇನೆ.
ಕೈ ಮುಗಿದು ಕೇಳುತ್ತೇನೆ ಮಕ್ಕಳೇ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿರಿ.