ಹಸಿ ಕಂಕುಳಿಗೆ ಪಟಿಕ

ನನ್ನ ಮಾಸ್ತರಿಕೆ ಹೋದದ್ದು ಕಂಕುಳಿನ ದೆಸೆಯಿಂದ. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಈಗ ನಗುವವರು ನಗಲಿ.

ನಿಜಾಮರ ಆಳ್ವಿಕೆ ಇನ್ನೂ ಗಟ್ಟಿಯಾಗಿದ್ದ ಕಾಲ. ಯಲಬುರ್ಗಾ ಸೀಮೆಯ ಒಂದು ಶಾಲೆಯಲ್ಲಿ ನಾನು ಹಂಗಾಮಿ ಮಾಸ್ತರ. ಆ ಊರಿನ ಹೆಸರು ಬಾಯಿಗೆ ತರಲೂ ಮನಸ್ಸಿಲ್ಲ. ಬೇವೂರಿನ ನಮ್ಮ ಮನೆತನದಲ್ಲಿ ನಾಲ್ಕಕ್ಷರ ಕಲಿತವರಲ್ಲಿ ನಾನೇ ಮೊದಲಿಗ. ಅಪ್ಪ ದನ ಹೊಡೆದುಕೊಂಡು ಹೋಗುವಾಗಲೂ ಎದುರಿಗೆ ಸಿಕ್ಕವರನ್ನು ನಿಲ್ಲಿಸಿ ‘ನಮ್ಮ ಹುಡುಗ ಮಾಸ್ತರ ಆಗ್ಯಾನ’ ಎನ್ನುತ್ತಿದ್ದ. ಇನ್‌ಸ್ಪೆಕ್ಟರ್ ಸಾಹೇಬರು ಬಂದು ನೋಡಿ ಒಪ್ಪಿದರೆ ಮಾತ್ರ ನೌಕರಿ ಖಾಯಂ ಎಂಬುದನ್ನು ನಾನು ಅವನಿಗೆ ತಿಳಿಸಿರಲಿಲ್ಲ.

ಕಡು ಬೇಸಿಗೆ. ಆದರೂ ಶಾಲೆಯಲ್ಲಿ ಕತ್ತಿನವರೆಗೆ ಗುಂಡಿ ಹಾಕಿದ ಶೇರವಾನಿ ಇರಲೇಬೇಕು. ನನಗೆ ಮೊದಲೇ ಬೆವರು ಜಾಸ್ತಿ. ಒಂದು ಸೋಮವಾರ ಹೆಡ್‌ಮಾಸ್ತರರು ಎಲ್ಲರ ಮುಂದೆ ಮೂಗಿಗೆ ವಸ್ತ್ರ ಹಿಡಿದು, ‘ಏನ್ರಿ ಇದು, ಎಮ್ಮಿ ಕಟ್ಟಿದಂಗ ವಾಸನಿ? ಗುರುವಾರ ಸಾಹೇಬ್ರು ಬರ್ತಾರ. ಅಷ್ಟರಾಗ ಏನರ ಮಾಡ್ಕೋರಿ’ ಎಂದರು. ಉಳಿದ ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅಂದೇ ಸಂಜೆ ಬೇವಿನ ಕಟ್ಟೆಯ ಕ್ಷೌರದ ಅಜ್ಜನ ಮುಂದೆ ತೋಳೆತ್ತಿ ಕೂತೆ. ಗಡ್ಡದ ಜೊತೆಗೇ ಕಂಕುಳನ್ನೂ ಬೋಳಿಸುವುದು ಆಗ ವಾಡಿಕೆ, ಯಾರೂ ತಿರುಗಿ ನೋಡುತ್ತಿರಲಿಲ್ಲ. ಕೂದಲು ಹೋದರೆ ಸಾಲದು, ಬೆವರೂ ನಿಲ್ಲಬೇಕು ಎಂದೆ. ಅದಕ್ಕೆ ಪಟಿಕ ಐತಿ ಎಂದ ಅಜ್ಜ, ಬೆರಳೆತ್ತಿ ಎಚ್ಚರಿಸಿದ.

‘ಇವತ್ತ ಕತ್ತಿ, ನಾಳೆ ಪಟಿಕ. ಇವತ್ತ ತಣ್ಣೀರಿಲೆ ತೊಳದು ಹಂಗ ಬಿಡ್ರಿ. ಉರಿ ಪೂರಾ ಹೋದ ಮ್ಯಾಲೆ, ಬಗಲು ಒಣಗಿಸಿಕೊಂಡು, ಪಟಿಕ ನೀರಾಗ ಅದ್ದಿ ಒಂದ ಸಲ ಸವರ್ರಿ, ಸಾಕು. ಕೆಂಪಾಗಿದ್ರ ಮುಟ್ಟಬ್ಯಾಡ್ರಿ. ನನ್ನ ಪೆಟ್ಟಿಗ್ಯಾಗಿನ ತುಂಡಂತೂ ಬ್ಯಾಡ, ಅದು ಊರ ಮಂದಿಗೆಲ್ಲ ತಿಕ್ಕಿದ್ದು.’

‘ಗಲ್ಲಕ್ಕ ಆಗಿಂದಾಗಲೇ ತಿಕ್ಕತಿಯಲ್ಲ?’

‘ಗಲ್ಲಕ್ಕ ಗಾಳಿ ಐತಿ. ಬಗಲಿಗೆ ಎಲ್ಲೈತಿ? ಅದು ಮುಚ್ಚಿದ ಜಾಗಾ, ತೊಗಲಿಗೆ ತೊಗಲು ಉಜ್ಜತೈತಿ.’

ಉರ್ದು, ಲೆಕ್ಕ ಎಲ್ಲ ಓದಿಕೊಂಡ ನಾನು ಹೆಬ್ಬೆಟ್ಟೊತ್ತುವ ಅಜ್ಜನ ಮಾತು ಕೇಳುತ್ತೇನೆಯೇ? ದಾರಿಯಲ್ಲೇ ಅಂಗಡಿಯಿಂದ ಪಟಿಕದ ಗಟ್ಟಿ ಕೊಂಡು, ಮನೆ ಮುಟ್ಟಿದವನೇ ಹಸಿ ಕಂಕುಳಿಗೆ ಗಸಗಸ ತಿಕ್ಕಿದೆ. ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಉರಿಯಿತು. ಉರಿದರೇನೇ ಔಷಧಿ ಎಂದುಕೊಂಡೆ. ಮಂಗಳವಾರ ಎರಡು ಸಲ ತಿಕ್ಕಿದೆ, ಬುಧವಾರ ಮೂರು ಸಲ. ಚರ್ಮ ಕೆಂಪಗೆ ಸುಲಿದಿತ್ತು, ಆದರೂ ಬಿಡಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ.

ಗುರುವಾರ ಬೆಳಿಗ್ಗೆ ಬಲಗಂಕುಳಲ್ಲಿ ಬಾರಿಹಣ್ಣಿನಷ್ಟು ಕುರು. ಶೇರವಾನಿ ತೊಡಲಾಗದೆ ಕೈಯಲ್ಲಿ ಹಿಡಿದುಕೊಂಡೇ ಶಾಲೆಗೆ ಹೋದೆ. ಹೆಡ್‌ಮಾಸ್ತರರೇ ತೋಳು ಹಿಡಿದು ಅದನ್ನು ತೊಡಿಸಿದರು. ನಾನು ಚೀರಿದಾಗ ಅಂಗಿ ಸರಿಸಿ ನೋಡಿ, ‘ಅಯ್ಯ, ಕುರ ಎದ್ದೈತಲ್ರಿ!’ ಎಂದರು.

ಸಾಹೇಬರು ಬಂದರು. ಸಾಲಾಗಿ ನಿಂತ ನಾವೆಲ್ಲ ಸಲಾಮು ಮಾಡಬೇಕು. ನನ್ನ ಬಲಗೈ ಎದೆಯವರೆಗೆ ಬಂದು ಅಲ್ಲೇ ನಿಂತಿತು. ಕಣ್ಣು ಕತ್ತಲಿಟ್ಟಿತು. ಅಷ್ಟರಲ್ಲಿ ಎಡಗೈ ತಾನಾಗಿ ಹಣೆಗೆ ಹೋಗಿತ್ತು.

ಎಡಗೈ ಸಲಾಮು! ಅದೂ ಸರಕಾರಕ್ಕೆ ತಿರುಗಿಬಿದ್ದ ಖಾದಿ ಟೋಪಿಯವರ ಗಾಳಿ ಬೀಸುತ್ತಿದ್ದ ದಿನಗಳಲ್ಲಿ, ಹುಡುಗರೆಲ್ಲರ ಎದುರಿಗೆ. ಸಾಹೇಬರ ಮುಖ ಕಪ್ಪಿಟ್ಟಿತು. ‘ಈ ಸೊಕ್ಕು ಇವನಿಗೆ ಯಾರು ಕಲಿಸಿದರು?’ ಎಂದು ಉರ್ದುವಿನಲ್ಲಿ ಹೆಡ್‌ಮಾಸ್ತರರನ್ನು ಕೇಳಿದರು. ಕುರು ಕಣ್ಣಾರೆ ಕಂಡಿದ್ದ ಅವರು ಹಾಜರಿ ಪುಸ್ತಕದ ಹಾಳೆ ತಿರುವುತ್ತ ನಿಂತರು. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆದರೆ ನಾಲಿಗೆ ನನಗೂ ಇತ್ತಲ್ಲ? ಕಂಕುಳಲ್ಲಿ ಕುರು ಆಗೈತಿ ಸಾಹೇಬರೆ ಅಂದಿದ್ದರೆ ಮುಗಿದಿತ್ತು. ಯಾಕೆ ಆಯಿತು ಎಂದು ಕೇಳುತ್ತಾರೆ, ವಾಸನೆಯ ಮಾತು ಬರುತ್ತದೆ, ಮತ್ತೆ ಎಲ್ಲರೂ ನಗುತ್ತಾರೆ ಎಂದು ಹೆದರಿ ತುಟಿ ಬಿಚ್ಚಲಿಲ್ಲ. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅನ್ನುತ್ತಾರೆ. ನಾನು ಒಂದು ನಾಚಿಕೆಯನ್ನು ಒಂದು ಗಳಿಗೆ ಬಿಟ್ಟಿದ್ದರೆ ಸಾಕಿತ್ತು.

ಕುರು ಶನಿವಾರ ತಾನೇ ಒಡೆದು ವಾಸಿಯಾಯಿತು. ಹದಿನೈದು ದಿನಕ್ಕೆ ನೌಕರಿಯಿಂದ ತೆಗೆದ ಹುಕುಂ ಬಂತು. ಹಾಸಿಗೆ ಸುತ್ತಿಕೊಂಡು ಬೇವೂರಿಗೆ ಹೋದೆ.

‘ಯಾಕ ತೆಗದ್ರಪಾ?’ ಎಂದ ಅಪ್ಪ.

‘ಸಾಹೇಬ ಕೆಟ್ಟವ. ನಮ್ಮಂಥೋರ ಮಕ್ಕಳು ಮ್ಯಾಲ ಬರೂದು ಅವಗ ಆಗಂಗಿಲ್ಲ.’

ಅಪ್ಪ ನಂಬಿದ. ಎದುರಿಗೆ ಸಿಕ್ಕವರಿಗೆಲ್ಲ ಅದನ್ನೇ ಹೇಳಿದ. ಸಾಯುವವರೆಗೂ ಉಣ್ಣಲು ಕೂತಾಗೊಮ್ಮೆ ಆ ಸಾಹೇಬನ ಮಕ್ಕಳು ಮರಿಗೆಲ್ಲ ಶಾಪ ಹಾಕುತ್ತಿದ್ದ. ನಾನು ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದೆ.