ಹಾವಿನವರ ಮನೆ

ಸುಲೇಪೇಟ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಮ್ಮ ಮನೆ ಕೇಳಿದರೆ ಮೊದಲು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾಣಿಕಮ್ಮನ ಮನೆ ಅಂದರೆ ಯಾವ ಮಾಣಿಕಮ್ಮ ಎನ್ನುತ್ತಿದ್ದರು. ಈ ಊರಲ್ಲಿ ನನ್ನ ಹೆಸರಿನವರು ಓಣಿಗೊಬ್ಬರು ಇದ್ದೇವೆ. ಸೊಸೆ ಬಂದ ಮೇಲೆ ಆ ತೊಂದರೆ ತಪ್ಪಿತು. ‘ಹುಳದವರ ಮನಿ’ ಎಂದರೆ ಸಾಕು, ಹಾದಿಯಲ್ಲಿ ಹೋಗುವವರೂ ನಿಂತು ಕೈ ಮಾಡಿ ತೋರಿಸುತ್ತಿದ್ದರು. ತೋರಿಸುತ್ತ ನಗುತ್ತಿದ್ದರು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹುಳ ಅಂದರೆ ಹಾವು. ನಮ್ಮ ಓಣಿಯ ಹಳಬರು ಅದರ ಹೆಸರನ್ನು ಬಾಯಲ್ಲಿ ತರುವುದಿಲ್ಲ, ಕರೆದಂತಾಗುತ್ತದೆ ಎಂಬ ಅಂಜಿಕೆ. ಕಚ್ಚಿತು ಎನ್ನುವುದೂ ಇಲ್ಲ, ಹುಳ ಮುಟ್ಟಿತು ಎನ್ನುತ್ತೇವೆ. ನನ್ನ ಯಜಮಾನರು ಅಂಬಾರಾಯ ತೊಗರಿ ಹೊಲದಲ್ಲಿ ಹುಳ ಮುಟ್ಟಿಯೇ ಹೋದರು. ಅಂದಿನಿಂದ ನಾನು ದಾರಿಯಲ್ಲಿ ಹಗ್ಗ ಬಿದ್ದಿದ್ದರೂ ಬೆವರುವವಳು. ಅಂಥವಳ ಮನೆಗೆ ಎಂಥ ಸೊಸೆ ಬಂದಳು ನೋಡಿ!

ಸಂಘಮಿತ್ರಾ ಶಹಾಬಾದಿನವಳು. ಅವಳ ಅಪ್ಪ ಕಪಿಲ ಫರಸಿ ಕಲ್ಲಿನ ಖಣಿಯಲ್ಲಿ ದುಡಿದ ಮನುಷ್ಯ. ಅಲ್ಲಿ ಕಡಿದ ಹಾಸುಗಲ್ಲುಗಳನ್ನು ಒಟ್ಟಿರುತ್ತಾರಲ್ಲ, ಆ ಸಂದಿಗಳಲ್ಲಿ ಹಾವುಗಳು ಬಿಡಾರ ಹೂಡುತ್ತವೆ. ಬೇರೆಯವರು ಹಾರೆ ಎತ್ತಿದರೆ ಕಪಿಲ ಕಬ್ಬಿಣದ ಕೊಕ್ಕೆ ಹಿಡಿದು ಹೋಗಿ, ಹಾವನ್ನು ಮೆಲ್ಲಗೆ ಎತ್ತಿ ಚೀಲಕ್ಕೆ ಬಿಡುತ್ತಿದ್ದನಂತೆ. ಮಗಳು ಅದನ್ನೇ ಕಲಿತಳು. ಹೆಣ್ಣು ನೋಡಲು ಹೋದಾಗ ಅಡುಗೆ ಬರುತ್ತದೆ, ಹೊಲಿಗೆ ಬರುತ್ತದೆ ಎಂದರೇ ಹೊರತು ಇದನ್ನು ಯಾರೂ ಹೇಳಲಿಲ್ಲ. ನನ್ನ ಮಗ ದೇವಾನಂದನಿಗೆ ಗೊತ್ತಿತ್ತು. ಕಳ್ಳ, ತುಟಿ ಪಿಟ್ಟೆನ್ನಲಿಲ್ಲ.

ಮದುವೆಯಾಗಿ ಇನ್ನೂ ಹಸಿರು ಬಳೆ ಹಳೆಯದಾಗಿರಲಿಲ್ಲ. ಒಂದು ದಿನ ತವರಿಗೆ ಹೋಗಿ ಬಂದವಳು ತೂತು ಕೊರೆದ ಒಂದು ಡಬ್ಬಿ ತಂದು ನಡುಮನೆಯಲ್ಲಿ ಇಟ್ಟಳು. ಉಂಡೆಯೋ ಚಕ್ಕುಲಿಯೋ ಇರಬೇಕೆಂದು ನಾನು ಮುಚ್ಚಳಕ್ಕೆ ಕೈ ಹಾಕಿದೆ.

“ತೆಗೀಬ್ಯಾಡ್ರಿ ಅತ್ತಿ. ಹಾವು ಅದ. ನಾಗರ. ಕಲ್ಲು ಬಿದ್ದು ಬೆನ್ನಿಗಿ ಗಾಯ ಆಗ್ಯದ.”

ನಾನು ಕೂಗಿದ ಕೂಗಿಗೆ ಓಣಿಯೇ ಕೂಡಿತು. ಅಷ್ಟಾದರೂ ಹುಡುಗಿ ಏನು ಕೇಳಿದಳು ಗೊತ್ತೇ? “ಅತ್ತಿ, ನಿಮ್ಮ ಖೋಲಿಯಾಗ ಫರಸಿ ಭಾಳ ತಂಪು ಅದ. ಬ್ಯಾಸಗಿ ಮುಗಿಯೋ ತನಕ ಇದನ್ನ ಅಲ್ಲಿ ಇಡ್ಲೇನ್ರಿ?”

“ಇಡವ್ವಾ ಇಡು! ನನ್ನ ಹಾಸಿಗಿ, ಕೌದಿನೂ ಅದಕ್ಕೇ ಕೊಡು! ನಾ ಬೀದ್ಯಾಗ ಮಲಗತೀನಿ!” ಎಂದೆ.

ಹಿತ್ತಲ ತಗಡಿನ ಕೋಣೆ ಅದರ ಪಾಲಿಗೆ ಬಂತು. ಮೇಲೆ ಒದ್ದೆ ಗೋಣಿಚೀಲ ಹೊದಿಸಿ ತಂಪು ಮಾಡಿದಳು. ಗಾಯ ಮಾಯಿತು, ಅದು ಹೋಯಿತು, ಇನ್ನೊಂದು ಬಂತು. ಹಾವು ಹೊಕ್ಕಿದೆ, ಬಂದು ಹಿಡಿ ಎಂದು ಸೇಡಂ, ಚಿತ್ತಾಪುರದ ಕಡೆಯಿಂದಲೂ ಫೋನು ಬರತೊಡಗಿದವು. ಕದ್ದುಮುಚ್ಚಿ ಮಾಡುವ ಪೈಕಿ ಅವಳಲ್ಲ. ಅರಣ್ಯ ಇಲಾಖೆಯ ಹಣಮಪ್ಪನಿಗೆ ಪ್ರತಿಯೊಂದರ ಖಬರು ಇರುತ್ತಿತ್ತು. ವಾಸಿಯಾದದ್ದನ್ನು ಅವನೇ ಬಂದು ಚಿಂಚೋಳಿ ಕಾಡಿಗೆ ಒಯ್ದು ಬಿಡುತ್ತಿದ್ದ.

ಪೇಪರಿನವನೊಬ್ಬ ಬಂದು, ಪ್ರಾಣದ ಹಂಗು ತೊರೆದು ಜನಸೇವೆ ಮಾಡುವ ಗೃಹಿಣಿ ಎಂದು ಬರೆದ. ಓದಿಸಿ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಸೇವೆಯೂ ಇಲ್ಲ, ಗೀವೆಯೂ ಇಲ್ಲ. ನಾನು ಅವಳನ್ನೇ ಕೇಳಿದ್ದೆ. ತೊಗರಿ ಹಸನು ಮಾಡುತ್ತ ಕೂತಿದ್ದಳು.

“ಖರೇ ಹೇಳು ಮಿತ್ರಾ, ಯಾಕ ಇಟಗೊಂಡೀದಿ ಇವನ್ನ?”

ಮೊರ ಕೆಳಗಿಟ್ಟಳು. “ಚಂದ ಅದಾವ ಅತ್ತಿ. ಅವುಗಳ ಮುಂದ ಕುಂತಾಗ ನನಗ ಬ್ಯಾರೆ ಏನೂ ನೆನಪಾಗಂಗಿಲ್ಲ. ಮತ್ತ, ಊರೆಲ್ಲ ಅಂಜೋದರ ಹತ್ರ ನಾ ಅಂಜಲಾರದಂಗ ಕುಂದರತೀನಲ್ಲ, ಆವಾಗ ನನಗ ನಾನೇ ಭಾರಿ ಅನಸತೀನಿ.”

“ಜೀವ ಹೋದರ?”

“ನೀವು ಹುಳ ಅಂತೀರಿ. ಹುಳ ಅಂದ್ರ ಹೊಸಕಿ ಒಗೀತಾರ. ಹಾವು ಅಂದ್ರ ನಿಂತು ನೋಡತಾರ. ನನಗ ನಿಂತು ನೋಡೋದು ಬೇಕು.”

ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ ಎಂಬುದು ನನಗೆ ಗೊತ್ತಾಯಿತು. ಅವಳಿಗೂ ಗೊತ್ತಿತ್ತು. ಮತ್ತೆ ಮೊರ ಎತ್ತಿಕೊಂಡಳು.

ಉತ್ತರ ಮುಂದಿನ ಸುಗ್ಗಿಯಲ್ಲಿ ಸಿಕ್ಕಿತು. ಕೊಳಕಮಂಡಲವೊಂದು ಪೆಟ್ಟಿಗೆಯಲ್ಲಿತ್ತು. ಅದು ಯಾವ ಮೂಲೆಯಲ್ಲಿದೆ ಎಂದು ನೋಡದೆ ನೀರಿನ ಬಟ್ಟಲಿಗೆ ಕೈ ಹಾಕಿದಳು. ಕಲಬುರಗಿ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಲಗೈಯ ತೋರುಬೆರಳು ಉಳಿಯಲಿಲ್ಲ. ಹಾಸಿಗೆಯ ಮೇಲೆ ಮಲಗಿಕೊಂಡೇ “ತಪ್ಪು ನಂದು ಅತ್ತಿ, ಅದಕ್ಕ ಬೈಬ್ಯಾಡ್ರಿ” ಎಂದಳು. ಅಲ್ಲಿಯೇ ಎರಡು ಬಿಗಿಯಬೇಕು ಅನಿಸಿತು. ಬಿಗಿಯುವ ಬದಲು ಅತ್ತುಬಿಟ್ಟೆ.

ಇನ್ನು ಸಾಕು ಎಂದ ದೇವಾನಂದ. ಸೇಡಂ ಹತ್ತಿರ ಸಿಮೆಂಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಅವನು, ಕರೆಂಟಿನ ಜೊತೆ ಬದುಕುವವನು. ಅಂಥವನೇ ಗಡಗಡ ನಡುಗಿಹೋಗಿದ್ದ. ಹಣಮಪ್ಪ ಬಂದು ಇದ್ದಬದ್ದ ಹಾವುಗಳನ್ನೆಲ್ಲ ಒಯ್ದ. ಕಬ್ಬಿಣದ ಕೊಕ್ಕೆಯನ್ನು ನಾನು ಸಗಣಿ ಕುಳ್ಳಿನ ರಾಶಿಯೊಳಗೆ ಹುಗಿದೆ. ಇನ್ನು ನನ್ನ ಮನೆಗೆ ನೆಮ್ಮದಿ ಬಂತು ಎಂದುಕೊಂಡೆ.

ನೆಮ್ಮದಿ ಬರಲಿಲ್ಲ. ರೊಟ್ಟಿ ಬಡಿದಳು, ಹೊಲಕ್ಕೆ ಬಂದಳು, ಯಾವ ಕೆಲಸಕ್ಕೂ ಕಡಿಮೆ ಮಾಡಲಿಲ್ಲ. ಆದರೆ ನಾನು ಒಂದು ಅಂದರೆ ಎರಡು ಅನ್ನುತ್ತಿದ್ದವಳು ಎಲ್ಲದಕ್ಕೂ “ಹೂನ್ರಿ ಅತ್ತಿ” ಅನ್ನತೊಡಗಿದಳು. ಬೇಕೆಂದೇ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬೈದೆ, ಸರಿಯಾಗಿಯೇ ಇತ್ತು. ಅದಕ್ಕೂ “ಹೂನ್ರಿ ಅತ್ತಿ” ಅಂದಳು. ತಿರುಗಿ ಬೈಯದ ಸೊಸೆಯನ್ನು ಇಟ್ಟುಕೊಂಡು ನಾನೇನು ಮಾಡಲಿ? ಹಿತ್ತಲ ಬಾಗಿಲಲ್ಲಿ ಕೂತು ಖಾಲಿ ಕೋಣೆಯನ್ನು ನೋಡುತ್ತಿದ್ದಳು. ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿರುತ್ತಿದ್ದಳು. ಸಂಕಟವಾಗುತ್ತಿತ್ತು ನನಗೆ.

ಹೀಗಿರುವಾಗ ಒಂದು ಮಧ್ಯಾಹ್ನ ಗುರುಲಿಂಗಪ್ಪ ಓಡಿಬಂದ. ಬಸ್ ಸ್ಟ್ಯಾಂಡಿನಲ್ಲಿ ಚಹಾದ ಅಂಗಡಿ ಅವನದು. ನಮಗೆ ಹುಳದವರು ಎಂದು ಹೆಸರಿಟ್ಟವನೂ ಅವನೇ.

“ಮಾಣಿಕಮ್ಮಾ, ಕಲಬುರಗಿ ಬಸ್ಸಿನಾಗ ಹುಳ ಹೊಕ್ಕದ! ಡ್ರೈವರ್ ಸೀಟಿನ ಬುಡಕ ಹೆಡಿ ಎತ್ತಿ ಕುಂತದ. ಹಣಮಪ್ಪಗ ಫೋನ್ ಮಾಡೀವಿ, ಅಂವ ದೂರ ಇದ್ದಾನ. ಮಂದಿ ಬಡಿಗಿ ತಗೊಂಡು ನಿಂತಾರ. ನಿನ್ನ ಸೊಸಿನ್ನ ಜಲ್ದಿ ಕಳಸು!”

ಮಿತ್ರಾ ಎದ್ದು ನಿಂತಿದ್ದಳು. ತಿಂಗಳುಗಟ್ಟಲೆ ಕಾಣದ ಬೆಳಕು ಆ ಕಣ್ಣಲ್ಲಿ ಬಂತು. ಆಮೇಲೆ ತನ್ನ ಕೈ ನೋಡಿಕೊಂಡಳು, ಬೆಳಕು ಹೋಯಿತು.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಯಾರೋ ಪುಣ್ಯಾತ್ಮರು ಆಗಲೇ ಸೇಡಮಿಗೆ ಸುದ್ದಿ ಮುಟ್ಟಿಸಿದ್ದರು. “ಅವ್ವಾ, ಆಕಿನ್ನ ಕಳಸಬ್ಯಾಡ! ನನ್ನ ಆಣಿ ಅದ!”

“ನಿನ್ನ ಆಣಿ ನಿನ್ನ ಕಿಸೇದಾಗ ಇಟಗೋ. ನನಗ ಮುಚ್ಚಿಟ್ಟು ಲಗ್ನ ಆದಾಂವ ನೀನು, ಈಗ ಹೇಳಾಕ ಬರಬ್ಯಾಡ!” ಎಂದು ಫೋನಿಟ್ಟೆ. ಬಾಯಿ ಅಷ್ಟು ದೊಡ್ಡದು ಮಾಡಿದೆನೇ ಹೊರತು ಒಳಗೆ ಅಂಜಿಕೆ ಇದ್ದೇ ಇತ್ತು. ಯಜಮಾನರನ್ನು ಹೊಲದಿಂದ ಹೊತ್ತು ತಂದದ್ದು ಕಣ್ಣೆದುರಿಗೆ ಬಂತು.

“ಹೋಗ್ತೀದಿ?” ಎಂದೆ.

“ಕೈಮ್ಯಾಲ ನಂಬಿಗಿ ಇಲ್ಲ ಅತ್ತಿ.”

“ಕೈ ಮಾತು ಬಿಡು. ಮನಸ್ಸದನೋ ಇಲ್ಲೋ, ಅದು ಹೇಳು.”

“ಅದ,” ಎಂದಳು.

ಹೋಗಿ ಕುಳ್ಳಿನ ರಾಶಿ ಕೆದರಿ ಕೊಕ್ಕೆ ತೆಗೆದೆ. ಸೆರಗಿನಿಂದ ಒರೆಸಿ ಅವಳ ಕೈಗೆ ಕೊಟ್ಟೆ.

ಬಸ್ ಸ್ಟ್ಯಾಂಡಿನಲ್ಲಿ ಸಂತೆ ಕೂಡಿದಂತೆ ಜನ. ಅವಳು ಬಸ್ಸು ಹತ್ತಿದಳು. ನಾನು ಬಾಗಿಲ ಮೆಟ್ಟಿಲ ಮೇಲೆ ನಿಂತೆ, ಯಾರು ಎಳೆದರೂ ಇಳಿಯಲಿಲ್ಲ. ಕೊಕ್ಕೆಯನ್ನು ಸೀಟಿನ ಬುಡಕ್ಕೆ ಚಾಚಿದಳು. ಬೆರಳಿಲ್ಲದ ಕೈ, ಹಿಡಿತ ಜಾರಿತು. ಹಾವು ಬುಸ್ ಎಂದು ಕಬ್ಬಿಣಕ್ಕೆ ಬಡಿಯಿತು. ಹೊರಗೆ ಹೆಂಗಸರು ಚೀರಿದರು. ಮಿತ್ರಾ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಬಡಿಗೆ ಹಿಡಿದವರು “ಬಾಜೂಕ ಸರೀರಿ, ನಾವೇ ಮುಗಸ್ತೀವಿ” ಎಂದು ಮುಂದೆ ಬಂದರು. ಅವಳು ತಿರುಗಿ ನನ್ನ ಮುಖ ನೋಡಿದಳು.

“ಮಿತ್ರಾ,” ಎಂದೆ, “ಹುಳ ಅಲ್ಲ ಅದು. ಹಾವು. ನಿಂತು ನೋಡು.”

ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಅವಳಿಗೆ ಗೊತ್ತಿತ್ತು. ಕಣ್ಣು ತುಂಬಿಕೊಂಡು ನಕ್ಕಳು. ಆಮೇಲೆ ಹಾವಿನ ಕಡೆ ತಿರುಗಿ ಸುಮ್ಮನೆ ನಿಂತು ನೋಡಿದಳು. ನಾನೂ ನೋಡಿದೆ. ಗೋಧಿ ಬಣ್ಣದ ಮೈ, ಅಗಲಿಸಿದ ಹೆಡೆ, ಅತ್ತಿತ್ತ ತೂಗುವ ಕತ್ತು. ಖರೇ ಹೇಳುತ್ತೇನೆ, ಚಂದವಿತ್ತು. ಅವಳು ನೋಡುತ್ತಲೇ ಒಂದು ಹೆಜ್ಜೆ ಮುಂದೆ ಬಂದಳು. ಕೊಕ್ಕೆಯನ್ನು ಎಡಗೈಗೆ ಬದಲಿಸಿಕೊಂಡಳು, ಮೆಲ್ಲಗೆ ಎತ್ತಿದಳು, ಚೀಲಕ್ಕೆ ಇಳಿಸಿ ಬಾಯಿ ಕಟ್ಟಿದಳು.

ಅವಳು ಇಳಿದು ಬಂದಾಗ ಜನ ತಾವಾಗಿಯೇ ಹಾದಿ ಬಿಟ್ಟರು. ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿರಲಿಲ್ಲ. ನನ್ನ ಎದೆ ಉಬ್ಬಿ ರವಿಕೆ ಬಿಗಿಯಾಯಿತು, ಸುಳ್ಳು ಯಾಕೆ ಹೇಳಲಿ.

“ಶಾಬಾಸ್! ಹುಳದವರ ಸೊಸಿ ಅಂದ್ರ ಸುಮ್ಮನೇನು!” ಎಂದು ಗುರುಲಿಂಗಪ್ಪ ಚಪ್ಪಾಳೆ ತಟ್ಟಿದ.

“ಗುರುಲಿಂಗಪ್ಪಾ, ನೀನೇ ಇಟ್ಟ ಹೆಸರು, ನೀನೇ ತಿದ್ದು,” ಎಂದೆ. “ಇವತ್ತಿನಿಂದ ಹಾವಿನವರು ಅನ್ನು.”

ಸೀಟಿನ ಕಬ್ಬಿಣ ತಾಗಿ ಹಾವಿನ ಬಾಲದ ಹತ್ತಿರ ಗಾಯವಾಗಿತ್ತು. ವಾಸಿಯಾಗುವವರೆಗೆ ನಿಮ್ಮಲ್ಲೇ ಇರಲಿ ಎಂದು ಹಣಮಪ್ಪ ಫೋನಿನಲ್ಲಿ ಹೇಳಿದ. ಮನೆಗೆ ಬಂದವಳೇ ಹಳೆಯ ಪೆಟ್ಟಿಗೆ ತೊಳೆದು, ಹಾವನ್ನು ಅದರೊಳಗೆ ಬಿಟ್ಟು, ಹಿತ್ತಲ ಕಡೆಗೆ ಹೊರಟಳು.

“ಎಲ್ಲಿಗಿ ಹೊಂಟೀದಿ?”

“ತಗಡಿನ ಖೋಲಿಗ್ರಿ ಅತ್ತಿ.”

“ಈ ಬಿಸಲಾಗ? ತಗಡು ಕಾದು ಹಂಚಾಗ್ಯದ, ಬೆಂದು ಸಾಯ್ತದ ಅದು.” ನಾನು ನನ್ನ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದೆ. “ನನ್ನ ಖೋಲಿಯಾಗ ತಂದು ಇಡು. ಚಿಲಕ ಎರಡು ಸಲ ನೋಡು.”