ಒಳಗೆ ಬಟ್ಟೆ ಬಿಟ್ಟ ಲ್ಯಾಪ್‌ಟಾಪ್

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ಮೂಡಲಗಿಯಲ್ಲಿ ನನ್ನ ಅಪ್ಪನ ಹೊಲಿಗೆ ಅಂಗಡಿಗೆ ಒರಲಿ, ಅಂದರೆ ಗೆದ್ದಲು, ಹತ್ತಿತು. ಅಂಗಡಿಗೆ ಅನ್ನುವುದಕ್ಕಿಂತ, ಹಿಂದಿನ ಗೂಡಿನಲ್ಲಿ ಪೇರಿಸಿಟ್ಟಿದ್ದ ಅಳತೆಯ ವಹಿಗಳಿಗೆ ಹತ್ತಿತು ಅನ್ನಬೇಕು. ಒಂದು ವಹಿಯನ್ನು ಎತ್ತಿದರೆ ರಟ್ಟು ಮಾತ್ರ ಕೈಗೆ ಬಂತು, ಹಾಳೆಗಳೆಲ್ಲ ಮಣ್ಣಾಗಿ ಉದುರಿದವು. ಆ ಮಧ್ಯಾಹ್ನ ಅಪ್ಪ ಉಣ್ಣಲಿಲ್ಲ.

ಅಪ್ಪನದೊಂದು ಪದ್ಧತಿ ಇತ್ತು. ಒಬ್ಬ ಗಿರಾಕಿಗೆ ಒಂದು ಹಾಳೆ. ಆ ಗಿರಾಕಿ ಅಂಗಿ ಹೊಲಿಸಲು ಬಂದಾಗಲೆಲ್ಲ ಅದೇ ಹಾಳೆಯಲ್ಲಿ ಹೊಸದೊಂದು ಸಾಲು: ಎದೆ, ಭುಜ, ತೋಳು, ಉದ್ದ. ಸಾಲಿನ ಕೊನೆಗೆ ಆ ಅಂಗಿಯ ಬಟ್ಟೆಯ ಚೂರೊಂದನ್ನು ಅಂಟಿಸುತ್ತಿದ್ದ. ಶಾಲೆಗೆ ಹೋಗುವ ಮಕ್ಕಳದಾದರೆ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಒಳಗೆ ಎರಡು ಇಂಚು ಬಿಡು’ ಎಂದು ಬರೆದಿರುತ್ತಿತ್ತು. ಮಕ್ಕಳು ಬೆಳೆದಾಗ ಹೊಲಿಗೆ ಬಿಚ್ಚಿ ಅಂಗಿ ದೊಡ್ಡದು ಮಾಡಲು ಮಡಿಕೆಯಲ್ಲಿ ಬಿಡುವ ಬಟ್ಟೆ ಅದು.

ಆ ವಹಿಗಳನ್ನು ನಾನು ಸರಿಯಾಗಿ ನೋಡಿದ್ದೇ ಒರಲಿ ಬಂದ ಮೇಲೆ. ಊರಿನ ಪೈಲ್ವಾನನೊಬ್ಬನ ಹಾಳೆ ನೋಡಿ ದಂಗಾದೆ. ಮೊದಲ ಸಾಲಿನಲ್ಲಿ ಎದೆ ಇಪ್ಪತ್ತನಾಲ್ಕು ಇಂಚು, ಖಾಕಿ ಚೂರು. ನಡುವೆ ನಲವತ್ತನಾಲ್ಕು, ಮದುವೆಯ ಬಿಳಿ ರೇಷ್ಮೆ. ಕೊನೆಗೆ ಮೂವತ್ತೆಂಟು, ಮೆತ್ತನೆಯ ಮಲ್ ಬಟ್ಟೆ. ಒಬ್ಬ ಮನುಷ್ಯ ಹಿಗ್ಗಿ ಕುಗ್ಗಿದ್ದೆಲ್ಲ ಒಂದೇ ಹಾಳೆಯಲ್ಲಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಅಂಕಿಗಳಲ್ಲಿ ಒಬ್ಬ ಮನುಷ್ಯನನ್ನು ಕಂಡದ್ದು ಅದೇ ಮೊದಲು. ಉಳಿದ ವಹಿಗಳನ್ನಾದರೂ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಡಬೇಕೆಂದು ಹಟ ಹಿಡಿದೆ. ಮನೆಗೂ ಅಂಗಡಿಗೂ ಒಯ್ಯುವಂಥದ್ದು ಬೇಕು, ಅಂದರೆ ಲ್ಯಾಪ್‌ಟಾಪ್ ಬೇಕು.

ಕೊಳ್ಳಲು ಗೋಕಾಕಕ್ಕೆ ಹೊರಟಾಗ ಅಪ್ಪನೂ ಬಂದ. ಅಂಗಡಿಯಲ್ಲಿ ನನ್ನ ಕಣ್ಣು ತೆಳ್ಳಗಿನ ಬೆಳ್ಳಿ ಬಣ್ಣದ್ದರ ಮೇಲೆ ನೆಟ್ಟಿತು. ಅಪ್ಪ ಅದನ್ನು ತೆಗೆದುಕೊಂಡವನೇ ಬೋರಲು ಹಾಕಿದ. ಯಾವ ಅಂಗಿಯನ್ನೂ ಅವನು ಮೊದಲು ಒಳಮೈ ತಿರುವಿಯೇ ನೋಡುವುದು.

“ಇದರ ಹೊಲಿಗಿ ಎಲ್ಲೈತಿ ತಮ್ಮಾ?” ಎಂದು ಅಂಗಡಿಯವನನ್ನು ಕೇಳಿದ. ನನಗೆ ನಾಚಿಕೆಯಾಗಿ ಗೋಡೆ ನೋಡುತ್ತ ನಿಂತೆ.

“ಒಳಗ ನಲವತ್ತ ಜಿಬಿ ಐತ್ರಿ ಕಾಕಾ. ನಿಮ್ಮ ಜೀವಮಾನ ಪೂರ್ತಿ ತುಂಬೂದಿಲ್ಲ,” ಅಂದ ಅವನು.

“ಮದುವಿ ಕೋಟು ಹೊಲಿಸಾಕ ಬಂದವ್ರೂ ಹಿಂಗ ಅಂತಾರ, ನಾ ಇನ್ನ ದಪ್ಪ ಆಗೂದಿಲ್ಲ ಅಂತ. ತುಂಬಿದ್ರ ಎಲ್ಲಿ ಬಿಚ್ಚೂದು, ಅದನ್ನ ಹೇಳು.”

ಅಂಗಡಿಯವನು ನಗಲಿಲ್ಲ. ತೆಳ್ಳಗಿನದರ ಡಿಸ್ಕ್ ಬದಲಿಸಬೇಕಾದರೆ ಇಡೀ ಮೈ ಬಿಚ್ಚಬೇಕು, ಅದು ತನ್ನ ಕೈಲಾಗದು ಎಂದು ಒಪ್ಪಿಕೊಂಡ. ಆಮೇಲೆ ಮೂಲೆಯಿಂದ ದಪ್ಪನೆಯ ಕರಿಯದೊಂದನ್ನು ತಂದು ಮಗುಚಿಟ್ಟ. ಅದರ ಬೆನ್ನಿನಲ್ಲೊಂದು ಸಣ್ಣ ಮುಚ್ಚಳ, ಅದಕ್ಕೆ ಎರಡೇ ಸ್ಕ್ರೂ.

“ಇಷ್ಟ ಬಿಚ್ಚಿದ್ರ ಸಾಕ್ರಿ. ಸಣ್ಣದು ತಗದು ದೊಡ್ಡದು ಹಾಕೂದು. ಇದರ ನಾಕ್ ಪಟ್ಟು ದೊಡ್ಡದೂ ಹಿಡಿತೈತಿ.”

ಅಪ್ಪ ಮುಚ್ಚಳದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ. “ಇದನ್ನ ಮಾಡಿದಾವಗ ಕೆಲಸ ಗೊತ್ತೈತಿ. ಇದ ಇರ್ಲಿ.”

ಬಸ್ಸಿನಲ್ಲಿ ಬರುವಾಗ ತೊಡೆಯ ಮೇಲೆ ಆ ಭಾರ ಹೊತ್ತುಕೊಂಡು ನಾನು ಮೂಡಲಗಿಯವರೆಗೂ ಮುಖ ಗಂಟಿಕ್ಕಿಕೊಂಡೇ ಕೂತಿದ್ದೆ.

ಶಾಲೆ ಬಿಟ್ಟ ಮೇಲೆ ದಿನಾ ಕೂರುತ್ತಿದ್ದೆವು. ಅಪ್ಪ ಹಾಳೆ ಬಿಡಿಸಿ ಕೊಡುವುದು, ನಾನು ಸ್ಕ್ಯಾನರಿಗೆ ಹಾಕುವುದು. ಜಾಗ ಉಳಿಸಲು ಕಪ್ಪು ಬಿಳುಪಿನಲ್ಲಿ ತೆಗೆಯೋಣ ಎಂದು ಒಮ್ಮೆ ಅಂದೆ. “ಬಣ್ಣ ಇಲ್ಲದ ಬಟ್ಟಿ ಯಾರದು ಅಂತ ಹೆಂಗ ಗೊತ್ತಾಗಬೇಕು?” ಅಂದ. ಪೆನ್ಸಿಲೂ ಮಾಸಿತ್ತು, ಸಣ್ಣದಾಗಿ ತೆಗೆದರೆ ಅಂಕಿ ಮೂಡುತ್ತಿರಲಿಲ್ಲ. ಹೀಗಾಗಿ ಒಂದೊಂದು ಹಾಳೆಯೂ ಬಕಾಸುರನ ಹಾಗೆ ಜಾಗ ನುಂಗಿತು. ಜೀವಮಾನಕ್ಕೆ ಸಾಕು ಅಂದದ್ದು ಐದೇ ತಿಂಗಳಿಗೆ ತುಂಬಿ, ಇನ್ನು ಜಾಗವಿಲ್ಲ ಎಂಬ ಸೂಚನೆ ಪರದೆಯ ಮೇಲೆ ಬಂತು. ಅರ್ಧಕ್ಕರ್ಧ ವಹಿಗಳು ಇನ್ನೂ ಬಾಕಿ. ಗೂಡಿನಲ್ಲಿ ಮತ್ತೆ ಹಸಿ ಮಣ್ಣಿನ ಗೆರೆ ಎದ್ದಿತ್ತು. ಇವು ಉಳಿಯುವುದಿಲ್ಲ ಅಪ್ಪಾ ಅಂದೆ.

ಅಪ್ಪ ಕನ್ನಡಕ ಒರೆಸಿಕೊಳ್ಳುತ್ತ, “ಅಂಜತಿ ಯಾಕವ್ವಾ? ಒಳಗ ಬಟ್ಟಿ ಬಿಟ್ಟಾರಲ್ಲ, ಬಿಚ್ಚಿಸಿಕೊಂಡ ಬರೂನು ನಡಿ,” ಅಂದ.

ಮತ್ತೆ ಗೋಕಾಕ, ಅದೇ ಅಂಗಡಿ. ಇದ್ದದ್ದನ್ನೆಲ್ಲ ಹೊಸ ಡಿಸ್ಕಿಗೆ ಇಳಿಸಿಕೊಂಡು, ಎರಡು ಸ್ಕ್ರೂ ಬಿಚ್ಚಿ, ಅಂಗಡಿಯವನು ಹಳೆಯದನ್ನು ಹೊರತೆಗೆದು ಅಪ್ಪನ ಅಂಗೈಗಿಟ್ಟ. ಎಲೆ ಅಡಿಕೆಯ ಡಬ್ಬಿಗಿಂತ ಚಿಕ್ಕದು. ಅಪ್ಪ ಅದನ್ನು ತೂಗಿ ನೋಡಿದ, ಕಿವಿಗೆ ಹಿಡಿದ. “ಅರ್ಧ ಊರು ಇದರಾಗ ಐತೇನು?” ಎಂದು ಮೆಲ್ಲಗೆ ಕೇಳಿದ. ಐತಿ ಅಂದೆ. ಪೈಲ್ವಾನನ ಎದೆ, ಸತ್ತವರ ಭುಜ, ಈಗ ತಂದೆಯರಾದವರ ಚಡ್ಡಿಯ ಅಳತೆ, ಎಲ್ಲವೂ ಆ ಮುದಿ ಅಂಗೈಯಲ್ಲಿತ್ತು. ತೆಳ್ಳಗಿನದನ್ನು ಕೊಂಡಿದ್ದರೆ ನಾನು ಇಲ್ಲಿಗೇ ನಿಲ್ಲಬೇಕಾಗಿತ್ತು. ಅಪ್ಪನಿಗೆ ಕಂಪ್ಯೂಟರ್ ಹಚ್ಚಲು ಇವತ್ತಿಗೂ ಬಾರದು, ಆದರೆ ಅದನ್ನು ಆಯ್ದುಕೊಳ್ಳಲು ಬಂದದ್ದು ಅವನಿಗೇ.

ಮಳೆಗಾಲಕ್ಕೆ ಮೊದಲೇ ಕೊನೆಯ ವಹಿ ಮುಗಿಯಿತು. ಆಗ ಹೊಳೆಯಿತು, ಅಷ್ಟೂ ಹಾಳೆಗಳಲ್ಲಿ ಅಪ್ಪನದು ಇರಲಿಲ್ಲ.

“ನಂದ್ಯಾಕ ಬೇಕು? ನನ್ನ ಅಳತಿ ನನ್ನ ಕೈಗೆ ಗೊತ್ತೈತಿ,” ಅಂದ.

ನಾನು ಬಿಡಲಿಲ್ಲ. ಅವನ ಕೊರಳಲ್ಲಿದ್ದ ಟೇಪನ್ನೇ ತೆಗೆದು ಅಳೆದೆ. ನಾನು ಕೂಗಿ ಹೇಳುವುದು, ಅವನು ನಿಂತಲ್ಲೇ ಬರೆದುಕೊಳ್ಳುವುದು. ಎದೆ ಮೂವತ್ತನಾಲ್ಕು ಅಂದಾಗ ಪೆನ್ಸಿಲು ನಿಂತಿತು.

“ಇನ್ನೊಮ್ಮೆ ನೋಡು.”

ಇನ್ನೊಮ್ಮೆ ನೋಡಿದರೂ ಮೂವತ್ತನಾಲ್ಕೇ. ಬರೆದುಕೊಂಡ. ಆಮೇಲೆ ತೊಟ್ಟ ಅಂಗಿಯ ಅಂಚು ತಿರುವಿ, ಒಳಗೆ ಬಿಟ್ಟಿದ್ದ ಬಟ್ಟೆಯಿಂದ ಒಂದು ಚೂರು ಕತ್ತರಿಸಿ ಅಂಟಿಸಿದ. ಹೊರಗೆ ಅಂಗಿ ಮಾಸಿ ಬೂದು ಬಣ್ಣಕ್ಕೆ ತಿರುಗಿತ್ತು, ಚೂರು ಮಾತ್ರ ಕೊಂಡ ದಿನದಂತೆ ಅಚ್ಚ ನೀಲಿ. ಅದರ ಪಕ್ಕದಲ್ಲಿ, ಕೈ ರೂಢಿಯೋ ಏನೋ, ‘ಒಳಗೆ ಎರಡು ಇಂಚು ಬಿಡು’ ಎಂದು ಬರೆದ.

ಆಗ ಅವನಿಗೆ ಎಪ್ಪತ್ತು ದಾಟಿತ್ತು. ನಾನು ಆ ಹಾಳೆಯನ್ನು ಸ್ಕ್ಯಾನರಿನ ಮೇಲೆ ಬೋರಲು ಹಾಕಿದೆ.